ಎದೆಲ್ಮಿರಾಗೆ ಮಾರದ ಟಿಕೆಟ್

ಮೊದಲು ಬಂದದ್ದು ವಾಸನೆ. ಒಣಮೆಣಸಿನ ಮಸಾಲೆ ಮೆತ್ತಿದ ಕೋಳಿ ಕಾದ ಎಣ್ಣೆಗೆ ಬಿದ್ದ ವಾಸನೆ. ಎದೆಲ್ಮಿರಾ ಬೆಟ್ಟದ ಮೆಟ್ಟಿಲಿನ ನಡುವೆಯೇ ನಿಂತಳು. ಮೇಲೆ ಯಾರೋ ಪೊಯಾದಾ ನಡೆಸುತ್ತಿದ್ದರು. ಅವಳಿಗೆ ಹೇಳದೆ.

ಲಿಮಾ ನಗರದ ಅಂಚಿನ ಆ ಬೋಳು ಬೆಟ್ಟದಲ್ಲಿ ಹಾಗಾಗುವಂತಿರಲಿಲ್ಲ. ಒಬ್ಬರ ಮನೆಗೆ ಚಾವಣಿ ಬೇಕು, ಇನ್ನೊಬ್ಬರಿಗೆ ಆಪರೇಷನ್ ಆಗಬೇಕು ಎಂದರೆ ಮೊದಲೇ ಟಿಕೆಟ್ ಮಾರಿ, ಕೋಳಿ ಕರಿದು ಬಡಿಸಿ ಹಣ ಕೂಡಿಸುತ್ತಾರೆ. ಅದೇ ಪೊಯಾದಾ. ಮಾತು ಬಿಟ್ಟವರ ಮನೆಗೂ ಟಿಕೆಟ್ ಹೋಗಲೇಬೇಕು. ಹೋಗಿ ಮಾರುವವಳು ಎದೆಲ್ಮಿರಾ. ಇವತ್ತಿನದರ ಸುದ್ದಿಯೇ ಅವಳ ಬಾಗಿಲಿಗೆ ಬಂದಿರಲಿಲ್ಲ.

ಕಾರಣ ಅವಳಿಗೆ ಗೊತ್ತಿತ್ತು. ಗೆಳತಿ ಸೆನೈದಾ.

ದೇಣಿಗೆ ಎತ್ತುವುದನ್ನು ವೃತ್ತಿಯಾಗಿ ಕಲಿಸುವ ಶಾಲೆಯೊಂದು ಬೊಗೊಟಾದಲ್ಲಿತ್ತು. ಅಲ್ಲಿ ಕಲಿಯುತ್ತಿದ್ದವರೆಲ್ಲ ದೊಡ್ಡ ಪ್ರತಿಷ್ಠಾನಗಳ ಜನ. ಈ ವರ್ಷ ಸಣ್ಣ ಸಂಘಗಳವರಿಗೂ ವಿದ್ಯಾರ್ಥಿವೇತನ ಇಟ್ಟರು. ಬೆಟ್ಟದ ಸಾರ್ವಜನಿಕ ಅಡುಗೆಮನೆಯ ಸಂಘಕ್ಕೂ ಒಂದು ಸೀಟು ಬಂತು. ಸಂದರ್ಶನದಲ್ಲಿ ಎದೆಲ್ಮಿರಾ ಬೇಕರಿಯ ಎಲಿಯೊದೊರೊ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದಳು.

"ಆ ಮುದುಕನ ಹೊಟ್ಟೆಯಲ್ಲಿ ಗೆಡ್ಡೆ. ಹೆಂಡತಿಗೆ ಗೊತ್ತು, ನಮಗೆಲ್ಲ ಗೊತ್ತು, ಅವನಿಗೊಬ್ಬನಿಗೆ ಗೊತ್ತಿಲ್ಲ. ತನ್ನ ಪೊಯಾದಾಗೆ ತಾನೇ ಬಂದು, ಕೋಳಿಗೆ ಉಪ್ಪು ಕಮ್ಮಿ ಅಂತ ಜಗಳ ತೆಗೆದ! ದುಡ್ಡು ಕೂಡಿದ ಮೇಲೇನೇ ಅವನಿಗೆ ಹೇಳಿದ್ದು. ಕೆಟ್ಟ ಸುದ್ದಿ ಬರಿಗೈಲಿ ಬರಬಾರದು, ಮೇಡಂ."

ಸೀಟು ಅವಳದಾಯಿತು. ಪಾಸ್‌ಪೋರ್ಟ್, ಎದೆಯ ಎಕ್ಸ್‌ರೇ, ಸಂಘದ ಒಪ್ಪಿಗೆ, ಇಷ್ಟು ಕೇಳಿದ್ದರು. ಮೊದಲೆರಡಕ್ಕೆ ಮಗಳು ಮಿಲುಸ್ಕಾ ಆಫೀಸು ಆಸ್ಪತ್ರೆ ಎಂದು ಓಡಾಡಿ, ಕಾಗದಪತ್ರವನ್ನೆಲ್ಲ ತಾನೇ ನೋಡಿಕೊಂಡಳು. ಒಪ್ಪಿಗೆ ಕೊಡಬೇಕಾದವಳು ಸಂಘದ ಅಧ್ಯಕ್ಷೆ ಸೆನೈದಾ. ಅದರ ಬಗ್ಗೆ ಎದೆಲ್ಮಿರಾ ಯೋಚಿಸಲೂ ಇಲ್ಲ. ಚರ್ಚಿನಲ್ಲಿ ಮಿಲುಸ್ಕಾಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡು ಧರ್ಮತಾಯಿಯಾದವಳೇ ಸೆನೈದಾ. ಅಂದಿನಿಂದ ಅವರಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಅಕ್ಕತಂಗಿಯರಿಗಿಂತ ಹತ್ತಿರ.

ಮೊನ್ನೆ ಶಾಲೆಯವರು ಫೋನ್ ಮಾಡಿದ್ದರು. ಸಂಘ ಹೆಸರು ಬದಲಿಸಿದೆ, ನಿಮ್ಮ ಬದಲು ಅಧ್ಯಕ್ಷೆಯವರೇ ಬರುತ್ತಾರಂತೆ ಎಂದರು.

ಅಂದಿನಿಂದ ಬೆಟ್ಟವೇ ವಿಚಿತ್ರವಾಗಿತ್ತು. ಎಲಿಯೊದೊರೊ ಬ್ರೆಡ್ಡಿಗೆ ಕಾಸು ಮುಟ್ಟಲಿಲ್ಲ. ಪಕ್ಕದ ಮನೆಯ ನೊರ್ಕಾ ಕೇಳದೆಯೇ ಅವಳ ಗ್ಯಾಸ್ ಸಿಲಿಂಡರ್ ಹೊತ್ತು ತಂದಿಟ್ಟು, ಮುಖ ನೋಡದೆ ಹೋದಳು. ತಪ್ಪು ಮಾಡಿದವರು ಹೀಗೇ ಸಣ್ಣಪುಟ್ಟ ಉಪಕಾರ ಮಾಡಿ ಕೈತೊಳೆದುಕೊಳ್ಳುತ್ತಾರೆ ಎಂದುಕೊಂಡಿದ್ದಳು ಎದೆಲ್ಮಿರಾ. ಎಲ್ಲರೂ ಸೇರಿಯೇ ಮಾಡಿದ್ದಾರೆ.

ಅವಳು ಉಳಿದ ಮೆಟ್ಟಿಲು ಹತ್ತಿದಳು. ಅಡುಗೆಮನೆಯ ಅಂಗಳದಲ್ಲಿ ಜನ ತುಂಬಿದ್ದರು. ಅವಳನ್ನು ಕಂಡದ್ದೇ ಯಾರೋ ಹಾಡು ನಿಲ್ಲಿಸಿದರು. ಎಲಿಯೊದೊರೊ ಎದ್ದು ತನ್ನ ಕುರ್ಚಿಯನ್ನೇ ಅವಳ ಕಡೆ ತಳ್ಳಿದ.

ಸೆನೈದಾ ಬಾಣಲೆಯ ಮುಂದಿದ್ದಳು. "ಬಂದ್ಯಾ ಕೊಮಾದ್ರೆ. ಕೂತ್ಕೋ."

"ಕೂರೋಕೆ ಬಂದಿಲ್ಲ. ಬೊಗೊಟಾಗೆ ಹೊರಟ ಮಹಾರಾಣಿಗೆ ದಾರಿಖರ್ಚಿಗೂ ಬೆಟ್ಟದೋರೇ ಕೋಳಿ ತಿನ್ನಬೇಕಾ?"

"ಸೀಟು ಖಾಲಿ ಬಿಟ್ಟಿದ್ರೆ ಕೈತಪ್ಪಿ ಹೋಗ್ತಿತ್ತು ಕಣೆ."

"ಖಾಲಿ ಎಲ್ಲಿತ್ತು? ನಾನಿರಲಿಲ್ವಾ?"

ಸೆನೈದಾ ಬಾಣಲೆಯ ಕೋಳಿಯನ್ನು ಮಗುಚಿದಳು. ಎದೆಲ್ಮಿರಾ ಇನ್ನೂ ಹತ್ತಿರ ಬಂದಳು.

"ನಾಲ್ಕು ಜನದ ಮುಂದೆ 'ಕೊಡಿ' ಅನ್ನೋಕೆ ನಾಲಿಗೆ ಹೊರಳ್ತಿರಲಿಲ್ಲ ನಿಂಗೆ. ಕೇಳೋದು ಕಲಿಸಿದ್ದು ಯಾರು?"

"ನೀನೇ. ನೀನು ಕಲಿಸಿದ ಹಾಗೇ ಮಾಡಿದ್ದೀನಿ. ಒಂದು ಚೂರೂ ತಪ್ಪಿಲ್ಲ."

"ಬೆನ್ನಿಗೆ ಚೂರಿ ಹಾಕೋದನ್ನ ನಾನು ಕಲಿಸಿರಲಿಲ್ಲ ತಾಯಿ."

ಆಗ ಅವಳ ಕಣ್ಣಿಗೆ ಮಿಲುಸ್ಕಾ ಬಿದ್ದಳು. ಏಪ್ರನ್ ಕಟ್ಟಿಕೊಂಡು, ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ, ಹೆಂಗಸರ ನಡುವೆ ತಲೆ ತಗ್ಗಿಸಿ ಕುಳಿತಿದ್ದಳು.

"ನೀನೂ ಸೇರ್ಕೊಂಡ್ಯಾ, ಮಿಲುಸ್ಕಾ?"

"ಸಂಜೆ ನಾನೇ ಹೇಳ್ತಿದ್ದೆ ಅಮ್ಮಾ. ಎಲ್ಲಾ ಮುಗೀಲಿ ಅಂತ..."

"ಇನ್ನೇನು ಮುಗಿಯೋದಿದೆ?" ಎದೆಲ್ಮಿರಾ ಚೀಲದಿಂದ ನೋಟು ತೆಗೆದು ಮೇಜಿನ ಮೇಲೆ ಬಡಿದಳು. "ತಗೊಳ್ಳಿ. ಅಧ್ಯಕ್ಷೆಯ ವಿದ್ಯೆಗೆ ನನ್ನದೂ ಇರಲಿ. ಕೊಡಿ ಒಂದು ಟಿಕೆಟ್."

ಯಾರೂ ಕೈ ಚಾಚಲಿಲ್ಲ. ನೊರ್ಕಾ ಭುಜಕ್ಕೆ ಕಣ್ಣೊರೆಸಿಕೊಂಡಳು. ಸೆನೈದಾ ಉರಿ ತಗ್ಗಿಸಿ, ಕೈ ಒರೆಸಿಕೊಂಡು ಬಂದಳು. ನೋಟನ್ನು ಮಡಿಸಿ ಎದೆಲ್ಮಿರಾಳ ಮುಷ್ಟಿಯೊಳಗೇ ಇಟ್ಟು, ಆ ಮುಷ್ಟಿಯನ್ನು ಬಿಡದೆ ಹಿಡಿದುಕೊಂಡಳು.

"ನಿನಗೆ ಮಾರೋ ಹಾಗಿಲ್ಲ ಕೊಮಾದ್ರೆ. ಗೊತ್ತಲ್ಲ ನಿಂಗೆ."

ಗೊತ್ತಿತ್ತು. ಆ ನಿಯಮ ಮಾಡಿದವಳೇ ಅವಳು. ಬೆಟ್ಟದಲ್ಲಿ ಹಗೆಯವರಿಗೂ ಟಿಕೆಟ್ ಮಾರಬೇಕು. ಮಾರಬಾರದ್ದು ಒಬ್ಬರಿಗೆ ಮಾತ್ರ, ಆ ಪೊಯಾದಾದ ಹಣ ಯಾರ ಚಿಕಿತ್ಸೆಗೋ ಅವರಿಗೆ.

ಎದೆಲ್ಮಿರಾ ಎಲಿಯೊದೊರೊನ ಕುರ್ಚಿಯಲ್ಲಿ ಕುಳಿತು, ಮಗಳ ಕಡೆ ತಿರುಗಿದಳು. "ಎಕ್ಸ್‌ರೇಯಲ್ಲಿ ಏನು ಬಂತು?"