ಬ್ಯಾರೇಜಿನ ಕೆಂಪು ಬಟ್ಟೆ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಓದಿದ ಮೇಲೆ ಯಾರದೋ ಮುಖ ನೆನಪಾದರೆ ನನ್ನನ್ನು ಬೈಯಬೇಡಿ.

ಕೃಷ್ಣಾ ನದಿಗೆ ಅಡ್ಡಲಾಗಿ ಒಂದು ಬ್ಯಾರೇಜ್. ಬೇಸಿಗೆಯಲ್ಲಿ ಬೋಟ್‌ಗಳು ಓಡಾಡುವಷ್ಟು ನೀರು ನಿಲ್ಲಿಸುವುದು, ಪ್ರವಾಹ ಬಂದರೆ ಗೇಟ್ ಎತ್ತಿ ಅಳತೆ ನೋಡಿ ಕೆಳಗೆ ಬಿಡುವುದು ಅದರ ಕೆಲಸ.

ಆ ಗೇಟ್‌ಗಳ ಆಪರೇಟರ್ ಮಲಕಾಜಪ್ಪ. ಐವತ್ತನಾಲ್ಕು ವರ್ಷ ವಯಸ್ಸು. ಹೆಂಡತಿ ತೀರಿಕೊಂಡು ಆರು ವರ್ಷ... ಮಕ್ಕಳಿಲ್ಲ.

ಒಬ್ಬನೇ ರೊಟ್ಟಿ ಬಡಿದುಕೊಂಡು, ಒಬ್ಬನೇ ತಿಂದು, ಒಬ್ಬನೇ ಡ್ಯೂಟಿಗೆ ಬರುವ ಮನುಷ್ಯ. ಎಷ್ಟೋ ದಿನ ಅವನ ಬಾಯಿಂದ ಹೊರಡುತ್ತಿದ್ದ ಮಾತೆಂದರೆ ಆಫೀಸಿಗೆ ಫೋನಿನಲ್ಲಿ ಹೇಳುವ ನೀರಿನ ಮಟ್ಟ, ಅಷ್ಟೇ.

ಗೇಟ್ ಎತ್ತುವ ಮೊದಲು ಮೂರು ಸಲ ಸೈರನ್ ಹಾಕಬೇಕು... ಕೆಳಗಿರುವ ಬೋಟ್‌ಗಳು ದಡ ಸೇರಬೇಕು... ದಂಡೆ ಖಾಲಿಯಾಗಿದ್ದನ್ನು ಕಣ್ಣಾರೆ ನೋಡಬೇಕು. ಇದು ನಿಯಮ.

ನಾಲ್ಕು ವರ್ಷದ ಹಿಂದೆ ಅವನು ಇಲ್ಲಿಗೆ ವರ್ಗವಾಗಿ ಬಂದ ಹೊಸತು. ಮೂರನೇ ಸೈರನ್ ಮುಗಿದರೂ ಅರ್ಧ ಕಿಲೋಮೀಟರ್ ಕೆಳಗೆ, ನದಿಯಂಚಿನ ಬಂಡೆಯ ಮೇಲೆ ಒಬ್ಬ ಮುದುಕಿ ಕೂತೇ ಇದ್ದಳು.

ದುರ್ಬೀನು ಹಿಡಿದು ನೋಡಿದ. ಮೀನಿನ ಬಲೆ ಹೊಲಿಯುತ್ತಿದ್ದಾಳೆ... ತಲೆ ಕೂಡ ಎತ್ತುತ್ತಿಲ್ಲ!

'ಪಾಪ, ಕಿವುಡಿ' ಎಂದುಕೊಂಡ. ಯಾರನ್ನೂ ಕೇಳಲಿಲ್ಲ, ತಾನೇ ತೀರ್ಮಾನ ಮಾಡಿಬಿಟ್ಟ. ಗಾಬರಿಯಲ್ಲಿ ಹೆಗಲ ಮೇಲಿದ್ದ ಕೆಂಪು ಟವೆಲ್ ತೆಗೆದು ಜೋರಾಗಿ ಬೀಸಿದ.

ಮುದುಕಿ ನೋಡಿದಳು... ಕೈ ಎತ್ತಿದಳು... ಎದ್ದು ಮೆಟ್ಟಿಲು ಹತ್ತಿ ಹೋದಳು.

ಅಂದಿನಿಂದ ಪ್ರತಿ ಸಲ ಸೈರನ್ ಆದ ಮೇಲೆ, ಅವಳೊಬ್ಬಳಿಗೋಸ್ಕರ ಕಂಬಕ್ಕೆ ದೊಡ್ಡದೊಂದು ಕೆಂಪು ಬಟ್ಟೆ ಏರಿಸುತ್ತಿದ್ದ. ಆ ಕೈ ಮೇಲೇಳದ ಹೊರತು ಗೇಟಿನ ಗುಂಡಿ ಒತ್ತುತ್ತಿರಲಿಲ್ಲ.

ಹೆಸರು ಗೊತ್ತಿಲ್ಲ. ಮಾತಾಡಿಸಿಲ್ಲ. ಆದರೂ ಇಡೀ ಜಗತ್ತಿನಲ್ಲಿ ಅವನಿಗೆ ಕೈ ಎತ್ತುವವಳು ಅವಳೊಬ್ಬಳೇ...

ಈ ವರ್ಷ ಆಗಸ್ಟ್‌ನ ಒಂದು ಬೆಳಿಗ್ಗೆ. ಮೇಲಿನಿಂದ ನೀರು ನುಗ್ಗಿ ಬರುತ್ತಿತ್ತು. ಮಲಕಾಜಪ್ಪ ಮೂರು ಸೈರನ್ ಹಾಕಿದ, ಬಟ್ಟೆ ಏರಿಸಿದ.

ಜಡಿಮಳೆ. ನೆನೆದ ಬಟ್ಟೆ ಕಂಬಕ್ಕೆ ಸುತ್ತಿಕೊಂಡುಬಿಟ್ಟಿತು. ದುರ್ಬೀನಿನಲ್ಲಿ ಮುದುಕಿ ಮಸುಕಾಗಿ ಕಂಡಳು... ಕೂತೇ ಇದ್ದಾಳೆ. ಟವೆಲ್ ಬೀಸಿದ. ಆ ಮಳೆಯಲ್ಲಿ ಅಷ್ಟು ದೂರದಿಂದ ಅವಳ ಬರಿಗಣ್ಣಿಗೆ ಅದೆಲ್ಲಿ ಕಾಣಬೇಕು?

ಫೋನ್ ಹೊಡೆದುಕೊಂಡಿತು. ಇಂಜಿನಿಯರ್.

"ಏನ್ರೀ, ಇನ್ನೂ ಗೇಟ್ ಎತ್ತಿಲ್ಲೇನು? ಅರ್ಧ ತಾಸಿನಾಗ ನೀರು ಅಪಾಯದ ಗುರುತು ಮುಟ್ಟತೈತಿ!"

"ಕೆಳಗ ಒಬ್ಬಾಕಿ ಕುಂತಾಳ್ರಿ ಸರ್... ಆಕಿಗೆ ಕಿವಿ ಕೇಳಂಗಿಲ್ಲ. ಹತ್ತು ನಿಮಿಷ ಕೊಡ್ರಿ."

ಉತ್ತರಕ್ಕೆ ಕಾಯಲಿಲ್ಲ. ಬೇರೆ ಯಾರೂ ಗೇಟ್ ಎತ್ತದಂತೆ ಪ್ಯಾನೆಲ್‌ನ ಕೀಲಿ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದ.

ಮೆಟ್ಟಿಲ ಮೇಲೆ ನಿಂತು, ಜೀವ ಬಾಯಿಗೆ ಬಂದವನಂತೆ ಕೂಗಿದ. "ಯವ್ವಾ...!"

ಕೂಗಿದ ಮೇಲೆ ನೆನಪಾಯಿತು, ಕಿವುಡಿಯನ್ನು ಕೂಗಿ ಏನು ಪ್ರಯೋಜನ ಎಂದು.

ಆದರೆ ಮುದುಕಿ ತಿರುಗಿದಳು... ಅವನ ಹೆಗಲ ಮೇಲಿನ ಕೆಂಪು ಟವೆಲ್ ನೋಡಿದಳು.

"ಬಂದ್ಯಾ ತಮ್ಮಾ? ಇವತ್ತ ಬಟ್ಟಿ ಯಾಕ ಕಾಣಲಿಲ್ಲ? ನಿನಗೇನರೆ ಆತೋ ಏನೋ ಅಂತ ಕುಂತಿದ್ದೆ."

ಮಲಕಾಜಪ್ಪ ದಡದಡನೆ ಮೆಟ್ಟಿಲಿಳಿದು ಅವಳ ಹತ್ತಿರ ಬಂದ. "ನಿನಗ... ಕಿವಿ ಕೇಳಸ್ತಾವೇನಬೇ?"

"ಹುಟ್ಟಿದಾಗಿಂದ ಕೇಳಸ್ತಾವ."

ಅವನಿಗೆ ಸಿಟ್ಟು ನೆತ್ತಿಗೇರಿತು. ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಲೇ ಬೈದ. "ಮೂರು ಸಲ ಸೈರನ್ ಹೊಡಕೊಂಡ್ರೂ ಇಲ್ಲೇ ಕುಂತಿಯಲ್ಲ! ನಾ ಗೇಟ್ ಎತ್ತಿದ್ರ ನಿನ್ನ ಗತಿ ಏನಾಗ್ತಿತ್ತು?"

ಅವಳು ಏದುಸಿರು ಬಿಡುತ್ತಾ ಹೇಳಿದಳು. "ಸೈರನ್ ಊರಿಗೆಲ್ಲಾ ತಮ್ಮಾ... ಆ ಬಟ್ಟಿ ನನಗೊಬ್ಬಾಕಿಗೆ."

"ನನ್ನ ಗಂಡ ಇಲ್ಲೇ ದೋಣಿ ಹಾಕ್ತಿದ್ದ. ಆ ದಂಡಿಂದ ಟಾವೆಲ್ ಬೀಸಿ ನನ್ನ ಕರೀತಿದ್ದ. ಅಂವ ಹೋದಮ್ಯಾಲೆ ಯಾರೂ ನನ್ನ ಹುಡುಕಿ ಬೀಸಿರಲಿಲ್ಲ... ಮೊದಲನೇ ದಿನ ಕಡೇ ಗಂಟು ಹಾಕಿ ಏಳಬೇಕಂತಿದ್ದೆ, ಅಷ್ಟರಾಗ ನೀ ಬೀಸಿದಿ."

"ಕಿವಿ ಕೇಳಸ್ತಾವ ಅಂತ ಗೊತ್ತಾದ್ರ ನೀ ಬಟ್ಟಿ ಹಾಕೂದು ಬಿಡ್ತೀ ಅಂತ ಸುಮ್ಮನಿದ್ದೆ. ನಾಲ್ಕು ವರ್ಷದಾಗ ಒಮ್ಮೆರೆ ಬಂದು ಕೇಳಿದ್ರ ಹೇಳೇಬಿಡ್ತಿದ್ದೆ..."

ಅರ್ಧ ಕಿಲೋಮೀಟರ್. ಬೈಕಿನಲ್ಲಿ ಎರಡು ನಿಮಿಷ. ನಾಲ್ಕು ವರ್ಷದಲ್ಲಿ ಅವನು ಒಮ್ಮೆಯೂ ಬಂದಿರಲಿಲ್ಲ. ಅವನ ಸಿಟ್ಟೆಲ್ಲಾ ಇಳಿದುಹೋಯಿತು.

"ನಿನ್ನ ಹೆಸರೇನಬೇ?" ಎಂದು ಕೇಳಿದ. "ಅಂಬಿಗೇರ ತುಳಸವ್ವ" ಎಂದಳು. ಹೆಸರು ಹೇಳುವಾಗ ಅವಳ ಕಣ್ಣು ತುಂಬಿಬಂತು... ಯಾರಾದರೂ ಅದನ್ನು ಕೇಳಿ ಎಷ್ಟು ವರ್ಷವಾಗಿತ್ತೋ.

ಎತ್ತರದ ಜಾಗದಲ್ಲಿ ಅವಳನ್ನು ಕೂರಿಸಿ ಮಲಕಾಜಪ್ಪ ಬೈಕ್ ಹತ್ತಿ ಬ್ಯಾರೇಜಿಗೆ ಮರಳಿದ. ನೀರು ಗುರುತು ಮುಟ್ಟಲು ಇನ್ನೂ ಸ್ವಲ್ಪ ಬಾಕಿಯಿತ್ತು. ಎರಡೆರಡಾಗಿ ಗೇಟ್‌ಗಳು ಮೇಲೆದ್ದವು.

ಕಾಲು ತಾಸಿನಲ್ಲಿ ಆ ಬಂಡೆ ಕಾಣದಾಯಿತು. ಅವನು ದುರ್ಬೀನನ್ನು ತುಳಸವ್ವ ಕೂತಿದ್ದ ಎತ್ತರದ ಜಾಗದತ್ತ ತಿರುಗಿಸಿದ.

ಡ್ಯೂಟಿ ಬಿಟ್ಟು ಹೋಗಿದ್ದಕ್ಕೆ ನೋಟಿಸ್ ಬಂತು. ಬರಲಿ ಬಿಡಿ...

ಮುಂದಿನ ಭಾನುವಾರ ಅವನು ನಾಲ್ಕು ರೊಟ್ಟಿ ಹೆಚ್ಚು ಬಡಿದು, ಬುತ್ತಿ ಕಟ್ಟಿಕೊಂಡು ತುಳಸವ್ವನ ಮನೆಗೆ ಹೋದ. ರೊಟ್ಟಿ ದಪ್ಪ ಆಗ್ಯಾವ ಎಂದು ಅವಳು ನಕ್ಕಳು. ಹೊರಡುವಾಗ ಆಣೆ ಮಾಡಿಸಿಕೊಂಡ, ಇನ್ನು ಮೇಲೆ ಮೊದಲ ಸೈರನ್‌ಗೇ ಎದ್ದು ಹೋಗಬೇಕೆಂದು.

ಹಾಗೇ ಆಯಿತು. ಮತ್ತೆ ಗೇಟ್ ಎತ್ತುವ ದಿನ ಮೊದಲ ಸೈರನ್ ಮುಗಿಯುವುದರೊಳಗೆ ಬಂಡೆ ಖಾಲಿ.

ಬಟ್ಟೆಯ ಅಗತ್ಯವೇ ಇರಲಿಲ್ಲ... ಆದರೂ ಅವನು ಏರಿಸಿದ.

ಎತ್ತರದ ದಂಡೆಯ ಮೇಲಿನಿಂದ ಒಂದು ಕೈ ಮೇಲೆದ್ದಿತು.

*ಎಚ್ಚರಿಕೆಯನ್ನು ಊರಿಗೆಲ್ಲಾ ಒಟ್ಟಿಗೆ ಕೂಗಿ ಹೇಳಬಹುದು... ಅಕ್ಕರೆಯನ್ನು ಮಾತ್ರ ಒಬ್ಬೊಬ್ಬರ ಹತ್ತಿರ ಹೋಗಿಯೇ ಮುಟ್ಟಿಸಬೇಕು.*

ನಿಮ್ಮ ಕಣ್ಣಳತೆಯಲ್ಲೇ ವರ್ಷಗಳಿಂದ ಕೂತಿರುವ ಯಾರ ಹೆಸರನ್ನು ನೀವು ಇನ್ನೂ ಕೇಳಿಲ್ಲ?