ಸೆನ್ಸರ್ ಇಟ್ಟ ಜಾಗ

"ಹಳೇ ಕಂಟ್ರೋಲರಿನ ಸೆನ್ಸರ್ ಎಲ್ಲಿಟ್ಟಿದ್ರಿ?" ಎಜ್‌ವೇರ್‌ನ ಬಿಯರ್ ಸಾಮಾನಿನ ಅಂಗಡಿಯವನು ಇಂಗ್ಲಿಷಿನಲ್ಲಿ ಕೇಳಿದ. ಮನೆಯಲ್ಲೇ ಬಿಯರ್ ಮಾಡುವ ರುದ್ರೇಶ ಹೊಸ ಟೆಂಪರೇಚರ್ ಕಂಟ್ರೋಲರ್ ಆರಿಸಲು ಬಂದಿದ್ದ. ಫ್ರಿಜ್ಜಿನೊಳಗೆ, ಬಿಯರ್ ಡ್ರಮ್ಮಿನ ಪಕ್ಕ ಗಾಳಿಯಲ್ಲಿ ನೇತುಹಾಕಿದ್ದೆ ಎಂದ.

"ಹುದುಗು ಬರುವಾಗ ಬಿಯರ್ ತಾನೇ ಬಿಸಿಯಾಗುತ್ತೆ. ಸೆನ್ಸರನ್ನ ಡ್ರಮ್ಮಿಗೇ ಅಂಟಿಸಬೇಕು. ಇಲ್ಲದಿದ್ದರೆ ಯಾವ ಕಂಟ್ರೋಲರ್ ತಗೊಂಡರೂ ಬಿಯರ್ ಕೆಡುತ್ತೆ."

ರುದ್ರೇಶನ ಮುಖ ಸಣ್ಣದಾಯಿತು. ಹೋದ ಬೇಸಿಗೆಯಲ್ಲಿ ಬಿಯರ್ ಕೆಟ್ಟಾಗ, ಜೊತೆಗೆ ಮಾಡಿದ್ದ ಗೆಳೆಯ ನಿತೀಶನನ್ನು ಹತ್ತು ಮಂದಿಯೆದುರು "ಡ್ರಮ್ಮು ತೊಳೀಲಿಕ್ಕೂ ಬರಂಗಿಲ್ಲ ನಿನಗ" ಎಂದು ಹಂಗಿಸಿದ್ದ. ಅಂದು ಎದ್ದು ಹೋದ ನಿತೀಶ ಮತ್ತೆ ಬಂದಿರಲಿಲ್ಲ.

ಅಂಗಡಿಯಿಂದ ಹೊರಬಂದು ರುದ್ರೇಶ ಫೋನ್ ಮಾಡಿದ. "ನಿತೀಶ, ತಪ್ಪು ನಂದಿತ್ತಪಾ. ನೀ ಛಲೋನ ತೊಳದಿದ್ದಿ."

"ಇರ್ಲಿ ಬಿಡ್ರಿ, ರುದ್ರೇಶ ಅವ್ರ," ಎಂದ ನಿತೀಶ. ಹನ್ನೆರಡು ವರ್ಷದ ಗೆಳೆತನದಲ್ಲಿ ಅವನ ಬಾಯಿಂದ ಬಹುವಚನ ಬಂದದ್ದು ಅದೇ ಮೊದಲು.