ಊದುಬತ್ತಿಯ ಹೊಗೆ

ಮೆಕ್ಯಾನಿಕ್ ಚಂದ್ರು ಬಾನೆಟ್ ಎತ್ತಿ, ಗಣಪತಿ ಫೋಟೋದ ಮುಂದೆ ಹಚ್ಚಿಟ್ಟಿದ್ದ ಊದುಬತ್ತಿಯನ್ನು ಕಿತ್ತುಕೊಂಡು ಬಂದಾಗ ಆಕರ್ಷನಿಗೆ ನಗು ತಡೆಯಲಾಗಲಿಲ್ಲ. ಮಾಚೇನಹಳ್ಳಿಯ ಆ ರಿಪೇರಿ ಶೆಡ್ಡಿನಲ್ಲಿ, ಎಂಜಿನ್ ಚಾಲೂ ಇದ್ದ ಹಳೇ ಕಾರು ನಿಂತಲ್ಲೇ ಚಳಿಜ್ವರ ಬಂದಂತೆ ನಡುಗುತ್ತಿತ್ತು.

"ನೋಡಿ ಅತ್ತೆ, ಮಂಗಳಾರತಿ ಎತ್ತುತ್ತಾನೆ! ಎಂಜಿನ್ ಹೋಗಿದೆ ಅಂತ ಎಂಜಿನಿಯರ್ ನಾನೇ ಹೇಳಿದ್ದೀನಿ. ಹನ್ನೊಂದಕ್ಕೆ ಗುಜರಿಯವನು ಬರ್ತಾನೆ. ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನಿಗೆ ಏನ್ ಗೊತ್ತಾಗುತ್ತೆ?"

ಅತ್ತೆ ಸತ್ಯಭಾಮಾ ಇಪ್ಪತ್ತೈದು ವರ್ಷ ತಾವೇ ಓಡಿಸಿದ ಕಾರಿನ ಕಾಗದಪತ್ರಗಳನ್ನು ಎದೆಗವಚಿಕೊಂಡು ನಿಂತಿದ್ದರು.

ಚಂದ್ರುವಿಗೆ ಮೈಯೆಲ್ಲ ಉರಿಯಿತು. ಕೈ ಮಾತ್ರ ಅಲುಗಲಿಲ್ಲ. ಪೆಟ್ರೋಲ್ ಪೈಪಿನಿಂದ ದೂರ ಹಿಡಿದು, ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನುದ್ದಕ್ಕೂ ಊದುಬತ್ತಿಯನ್ನು ನಿಧಾನಕ್ಕೆ ಸರಿಸಿದ. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಕಡೆ ಥಟ್ಟನೆ ಬಾಗಿ ಪೈಪಿನೊಳಗೆ ನುಗ್ಗಿತು. ಅಲ್ಲೊಂದು ಕೂದಲೆಳೆಯಷ್ಟು ಬಿರುಕು. ಅದರ ಮೇಲೆ ಹೆಬ್ಬೆರಳು ಒತ್ತಿದ. ನಡುಕ ನಿಂತು, ಎಂಜಿನ್ ಒಂದೇ ಸಮನೆ ಗುನುಗತೊಡಗಿತು.

"ಬೇಡದ ಗಾಳಿ ಎಳ್ಕೊಳ್ತಿತ್ತು ಅಮ್ಮಾ, ಅಷ್ಟೇ. ಒಂದು ಗೇಣು ಪೈಪ್ ಸಾಕು" ಎಂದ ಚಂದ್ರು ಆಕರ್ಷನತ್ತ ತಿರುಗಿದ. "ಬೆರಳು ತೆಗೀಲಾ ಸಾರ್? ಇನ್ನೊಂದ್ಸಲ ನೋಡ್ತೀರಾ?"

ಆಕರ್ಷ ಮೊಬೈಲ್ ತೆಗೆದು ಉಜ್ಜತೊಡಗಿದ.

"ಹೆಂಗೂ ಫೋನ್ ಕೈಲೇ ಇದೆಯಲ್ಲ ಮಾರಾಯ, ಗುಜರಿಯವನಿಗೆ ಬರೋದು ಬೇಡ ಅನ್ನು" ಎನ್ನುತ್ತ ಸತ್ಯಭಾಮಾ ಡ್ರೈವರ್ ಸೀಟಿಗೆ ಹತ್ತಿ ಕೂತರು.